ಶುಕ್ರವಾರದ ಪುಟ

ಕೊರಿನ್ ಫ್ರಿಜ್ಜಿನ ಬಾಗಿಲಿಗೆ ಹೊಸ ಪಟ್ಟಿ ಅಂಟಿಸಿದ ದಿನವೇ ಹ್ರಿವ್ನಾಕ್ ಮನೆಯಲ್ಲಿ ಜಗಳ ಶುರುವಾಯಿತು. ಪಟ್ಟಿಯಲ್ಲಿ ಅಂಥದ್ದೇನೂ ಇರಲಿಲ್ಲ. ಸೋಮವಾರ ಇತಿಹಾಸದ ಪಾಠ ಓದುವುದು, ಮಂಗಳವಾರ ಓದಿದ್ದನ್ನು ಬಾಯಲ್ಲಿ ಹೇಳುವುದು, ಬುಧವಾರ ಅದರಲ್ಲಿ ಐದು ಮುಖ್ಯ ಸಂಗತಿ ಗುರುತು ಹಾಕಿಕೊಳ್ಳುವುದು, ಗುರುವಾರ ಕರಡು, ಶುಕ್ರವಾರ ಒಂದು ಪೂರ್ತಿ ಪುಟ ಬರೆದು ಸಂಜೆ ಊಟದ ಮೇಜಿನಲ್ಲಿ ಎಲ್ಲರ ಮುಂದೆ ಓದುವುದು.

"ಪುಟಾನ ಯಾರು ಬರೀಬೇಕು?" ಎಂದು ಕೇಳಿದಳು ಹನ್ನೆರಡು ವರ್ಷದ ಮಗಳು ಮಾರ್ನಿ, ಬಾಯಿ ತುಂಬ ಸೀರಿಯಲ್ ಇಟ್ಟುಕೊಂಡು.

"ನೀನೇ. ಇನ್ಯಾರು?"

"ನಿನ್ನ ಕೈಗೇನಾಯ್ತು?"

ಆ ಪ್ರಶ್ನೆಯಲ್ಲಿ ಕೊಬ್ಬು ಇತ್ತು, ನಿಜವೂ ಇತ್ತು. ಮಾರ್ನಿ ಒಂದು ದಿನವೂ ಶಾಲೆಗೆ ಹೋದವಳಲ್ಲ. ಐದನೇ ವಯಸ್ಸಿನಿಂದ ಅವಳಿಗೆ ಅಮ್ಮನೇ ಟೀಚರು, ಅಡುಗೆಮನೆಯೇ ಕ್ಲಾಸು. ಇತಿಹಾಸದ ಪಾಠವೆಂದರೆ ಅಮ್ಮ ಓದುವುದು, ಮಗಳು ಕುರ್ಚಿಯ ಮೇಲೆ ಮಂಡಿಯೂರಿ ಕೂತು ಓದಿದ್ದನ್ನು ತಿರುಗಿ ಹೇಳುವುದು, ಅಮ್ಮ ಅದನ್ನು ಟೈಪ್ ಮಾಡಿಕೊಳ್ಳುವುದು. ಪೆನ್ಸಿಲ್ ಹಿಡಿದರೆ ಮಗುವಿನ ಮಾತು ನಿಂತುಹೋಗುತ್ತದೆ ಎಂಬುದು ಕೊರಿನ್‌ಳ ನಂಬಿಕೆ. ಹುಡುಗಿ ಹೇಳುತ್ತಿದ್ದುದೂ ಹಾಗೆಯೇ, ರೋಮಿನ ಸೇನೆ ಮನೆ ಹಿತ್ತಲಲ್ಲೇ ಬೀಡುಬಿಟ್ಟಿದೆ ಅನ್ನಬೇಕು. ಆದರೆ ಟೈಪ್ ಮಾಡುವಾಗ ಕೊರಿನ್‌ಳ ಕೈ ಸುಮ್ಮನಿರುತ್ತಿರಲಿಲ್ಲ. ಮಾರ್ನಿ ಪ್ರತಿ ವಾಕ್ಯವನ್ನೂ 'ಆಮೇಲೆ' ಎಂದೇ ಶುರು ಮಾಡುತ್ತಿದ್ದಳು. ಅಮ್ಮ ಅದನ್ನು ಹಾರಿಸಿಬಿಡುತ್ತಿದ್ದಳು. ಅಲ್ಲೊಂದು ಒಳ್ಳೆಯ ಪದ, ಇಲ್ಲೊಂದು ಚೆಂದದ ಮುಕ್ತಾಯ. ಹೀಗೆ ಏಳು ವರ್ಷಕ್ಕೆ ಏಳು ದಪ್ಪ ಫೈಲುಗಳಾಗಿದ್ದವು. ಬಂದವರಿಗೆಲ್ಲ ಕೊರಿನ್ ಅವನ್ನು ಮದುವೆ ಆಲ್ಬಮ್ಮಿನಂತೆ ತೋರಿಸುತ್ತಿದ್ದಳು.

ಪೆನ್ಸಿಲ್ವೇನಿಯಾದಲ್ಲಿ ಮನೆಪಾಠದ ಮಕ್ಕಳ ಫೈಲನ್ನು ವರ್ಷಕ್ಕೊಮ್ಮೆ ಟೀಚರೊಬ್ಬರು ನೋಡಿ, ಮಗುವನ್ನು ಮಾತಾಡಿಸಿ ಸಹಿ ಹಾಕಬೇಕು. ಆರು ವರ್ಷ ಸಹಿ ಹಾಕಿದ್ದ ಹೆಂಗಸು ಮಗನ ಮನೆ ಸೇರಿಕೊಂಡಳು. ಕಳೆದ ಜೂನಿನಲ್ಲಿ ಅವಳ ಜಾಗಕ್ಕೆ ಬಂದವರು ರೋಸ್‌ಮೇರಿ ಪಾವ್ಲಿಕ್, ಹೈಸ್ಕೂಲಿನಲ್ಲಿ ನಲವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಆಕೆ ಫೈಲಿನ ಹಾಳೆಗಳನ್ನು ಒಂದೊಂದಾಗಿ ತಿರುವಿ, ಕನ್ನಡಕ ತೆಗೆದು ಹೇಳಿದರು:

"ತುಂಬ ಚೆನ್ನಾಗಿದೆ. ಇದನ್ನ ಬರೆದವರಿಗೆ ನಲವತ್ತು ವರ್ಷ ಆಗಿರಬೇಕು."

ಕೊರಿನ್‌ಳ ಮುಖ ಕೆಂಪಾಯಿತು. ಅವಳಿಗೆ ಆಗ ಮೂವತ್ತೊಂಬತ್ತು.

"ಮುಂದಿನ ವರ್ಷ ಇತಿಹಾಸದ ಜೊತೆ ಬರವಣಿಗೆ ಸೇರಿಸಿ," ಎಂದರು ಪಾವ್ಲಿಕ್. "ಇವಳ ಕೈಬರಹ, ಇವಳ ಮಾತು. ಒಂದೇ ಒಂದು ಪುಟ ಆದ್ರೂ ಪರವಾಗಿಲ್ಲ, ಇವಳದ್ದಾಗಿರಬೇಕು. ಇಲ್ದಿದ್ರೆ ನಾನು ಸಹಿ ಹಾಕೋದಿಲ್ಲ."

ಬೇರೆ ಯಾರನ್ನಾದರೂ ಹುಡುಕಬಹುದಿತ್ತು. ಆದರೆ ಕೊರಿನ್‌ಳ ಗಂಡ ಡ್ವೇನ್, ದಿನವಿಡೀ ವಿದ್ಯುತ್ ಕಂಬ ಹತ್ತಿಳಿಯುವ ಮನುಷ್ಯ, ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಆಯಮ್ಮ ಸಹಿ ಹಾಕ್ಲಿಲ್ಲ ಅಂದ್ರೆ ಸೆಪ್ಟೆಂಬರಿಂದ ಮಾರ್ನಿ ಸ್ಕೂಲ್ ಬಸ್ ಹತ್ತುತಾಳೆ. ಇದರ ಮೇಲೆ ಮಾತಿಲ್ಲ."

ಬೇಸಿಗೆ ಹೋಯಿತು, ಕ್ರಿಸ್ಮಸ್ ಹೋಯಿತು, ಕೊರಿನ್ ನಾಳೆ ನಾಡಿದ್ದು ಅಂದುಕೊಂಡೇ ಇದ್ದಳು. ಪಟ್ಟಿ ಫ್ರಿಜ್ಜಿಗೆ ಏರಿದ್ದು ಫೆಬ್ರವರಿಯಲ್ಲಿ.

ಮೊದಲ ಶುಕ್ರವಾರದ ಪುಟ ರೈಲುದಾರಿಯ ಬಗ್ಗೆ. ನಾಲ್ಕೇ ಸಾಲು, ಅದರಲ್ಲಿ ಎರಡು ಪುಸ್ತಕದಿಂದ ಎತ್ತಿದ್ದು. ಎರಡನೆಯದು ಉಕ್ಕಿನ ಕಾರ್ಖಾನೆಗಳ ಬಗ್ಗೆ. ಅದನ್ನು ಕೊರಿನ್ ನೀಲಿ ಪೆನ್ಸಿಲಿನಿಂದ ಎಷ್ಟು ತಿದ್ದಿದಳೆಂದರೆ ಮಾರ್ನಿ ಬರೆದದ್ದು ಕಾಣದಾಯಿತು. ಮೂರನೆಯದನ್ನು ಮಾರ್ನಿ ಹರಿದು ಬೆಕ್ಕು ಗಲೀಜು ಮಾಡುವ ಮರಳಿನ ತಟ್ಟೆಗೆ ಹಾಕಿದಳು.

"ಹೇಳುವಾಗ ಅಷ್ಟು ಚೆನ್ನಾಗಿ ಹೇಳ್ತೀಯ. ಅದನ್ನೇ ಬರಿಯೋಕೇನು ರೋಗ ನಿನಗೆ?"

"ಬರೆದ್ರೆ ನೀನು ಅಳಿಸ್ತೀಯ. ಬಾಯಲ್ಲಿ ಹೇಳಿದ್ದನ್ನೂ ಅಳಿಸ್ತಿದ್ದೆ, ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ ಅಷ್ಟೆ. ನಾನು ಸ್ಕೂಲಿಗೇ ಹೋಗ್ತೀನಿ ಬಿಡು. ಅಲ್ಲಿ ತಿದ್ದೋರಿಗೆ ಸಂಬಳನಾದ್ರೂ ಕೊಡ್ತಾರೆ."

ಒಲೆಯ ಮುಂದೆ ಎಲೆಕೋಸು ಬಾಡಿಸುತ್ತಿದ್ದ ಅತ್ತೆ ಬರ್ನಡೀನ್‌ಗೆ ನಗು ತಡೆಯಲಾಗಲಿಲ್ಲ. ಬರ್ನಡೀನ್ ಮೂವತ್ತು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ಸೊಸೆಯ ಮನೆಪಾಠದ ಬಗ್ಗೆ ಅವರ ಅಭಿಪ್ರಾಯವನ್ನು ಯಾರೂ ಕೇಳಬೇಕಾಗಿರಲಿಲ್ಲ.

"ಹೋಗಲಿ ಬಿಡು. ನಾನು ಬಡಿಸಿದ ಊಟ ತಿಂದು ಎಷ್ಟು ಸಾವಿರ ಮಕ್ಕಳು ಓದಿದ್ರು. ಒಬ್ರೂ ಸತ್ತಿಲ್ಲ."

"ಅತ್ತೆ, ನೀವು ಸ್ವಲ್ಪ ಸುಮ್ನಿರ್ತೀರಾ?"

"ಸುಮ್ನೇ ಇದ್ದೀನಮ್ಮ. ಕೋಸು ಬಾಡಿಸ್ತಿದ್ದೀನಿ."

ಕೊರಿನ್‌ಳ ಸಿಟ್ಟು ನೆತ್ತಿಗೇರಿತು. ಆದರೆ ಆ ಸಿಟ್ಟಿನಲ್ಲೇ ಅವಳಿಗೊಂದು ಉಪಾಯ ಹೊಳೆಯಿತು. ಮಾರ್ಚ್ ತಿಂಗಳಿಗೆ ಪುಸ್ತಕದಲ್ಲಿ ಕಾರ್ಮಿಕ ಸಂಘಗಳ ಪಾಠ ಬಂದಿತ್ತು. ಸೋಮವಾರ ಅವಳು ಪುಸ್ತಕವನ್ನು ಮುಚ್ಚಿ ಬದಿಗಿಟ್ಟಳು.

"ಈ ವಾರ ಓದೋದು ಬೇಡ. ಎಂಬತ್ತನಾಲ್ಕರಲ್ಲಿ ಇಲ್ಲಿ ಗಾಜಿನ ಕಾರ್ಖಾನೆ ಮುಷ್ಕರ ಆಯ್ತಲ್ಲ, ಅದನ್ನ ಕಣ್ಣಾರೆ ನೋಡಿದವರೊಬ್ಬರನ್ನ ಕೇಳು. ಅವರು ಹೇಳಿದ ಹಾಗೇ ಬರಿ. ನಾನು ಪೆನ್ಸಿಲ್ ಮುಟ್ಟಲ್ಲ."

ಕೊರಿನ್ ಒಹಾಯೋದಿಂದ ಬಂದ ಸೊಸೆ. ತೀರಿಹೋದ ಮಾವ ಎಮಿಲ್ ಆ ಮುಷ್ಕರ ಮುರಿದು ಒಳಗೆ ಹೋದವನು ಎಂಬುದು ಅವಳಿಗೆ ಗೊತ್ತಿತ್ತು, ಆ ಮಾತನ್ನು ಈ ಮನೆಯಲ್ಲಿ ಎತ್ತಬಾರದು ಎಂಬುದೂ ಗೊತ್ತಿತ್ತು. ಮಗಳು ಚರ್ಚಿನ ಮುದುಕರನ್ನು ಯಾರನ್ನಾದರೂ ಕೇಳುತ್ತಾಳೆ ಎಂದುಕೊಂಡಿದ್ದಳು. ಹನ್ನೆರಡು ವರ್ಷದ ಹುಡುಗಿ ಮನೆಯಲ್ಲೇ ಒಬ್ಬರಿರುವಾಗ ಚಳಿಯಲ್ಲಿ ಚರ್ಚಿನವರೆಗೆ ಯಾಕೆ ಹೋಗುತ್ತಾಳೆ?

ಅದು ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ಕಾಲ. ಮಾಂಸ ಬಿಡುವ ಶುಕ್ರವಾರಗಳಂದು ಫೈರ್ ಸ್ಟೇಷನ್ನಿನ ಸಭಾಂಗಣದಲ್ಲಿ ಊರಿಗೆಲ್ಲ ಮೀನಿನ ಊಟ. ಅದಕ್ಕೆ ಬೇಕಾದ ಪಿರೋಗಿಗಳನ್ನು, ಆಲೂಗಡ್ಡೆ ತುಂಬಿದ ಆ ಕಡುಬುಗಳನ್ನು, ಹೆಂಗಸರು ಹಂಚಿಕೊಂಡು ಮಾಡುತ್ತಿದ್ದರು. ಬರ್ನಡೀನ್ ಪಾಲಿಗೆ ಇಪ್ಪತ್ತು ಡಜನ್. ಗುರುವಾರ ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದ ಕೊರಿನ್ ಅಡುಗೆಮನೆಯತ್ತ ಇಣುಕಿದಳು. ಅಜ್ಜಿ ಹಿಟ್ಟು ಲಟ್ಟಿಸುತ್ತ ಏನೋ ಹೇಳುತ್ತಿದ್ದರು. ಮಾರ್ನಿ ಅದೇ ಮೇಜಿನ ತುದಿಯಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಯಾರೂ ಗದರಿಸಿರಲಿಲ್ಲ, ಆದರೂ ಬರೆಯುತ್ತಿದ್ದಳು! ಕೊರಿನ್ ಸದ್ದು ಮಾಡದೆ ಹಿಂದೆ ಸರಿದಳು. ಆ ಹೊತ್ತಿಗೆ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಸಂಜೆ ಬರ್ನಡೀನ್ ಫೈರ್ ಸ್ಟೇಷನ್ನಿನಿಂದ ನಾಲ್ಕು ಡಬ್ಬಿ ಮೀನು ತಂದರು. ಎಲ್ಲರೂ ಕೂತರು. ಮಾರ್ನಿ ಎದ್ದು ನಿಂತು, ಹಿಟ್ಟಿನ ಕಲೆಯಾಗಿದ್ದ ಹಾಳೆಯನ್ನು ಬಿಡಿಸಿ ಓದಿದಳು.

"ನಮ್ಮ ಅಜ್ಜ ಎಮಿಲ್ ಹ್ರಿವ್ನಾಕ್ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ೧೯೮೪ರಲ್ಲಿ ಮುಷ್ಕರ ಆಯಿತು. ಆಮೇಲೆ ಕಂಪನಿಯವರು ಮುಷ್ಕರ ಮಾಡುವವರ ಆಸ್ಪತ್ರೆ ವಿಮೆ ನಿಲ್ಲಿಸಿದರು. ಆಮೇಲೆ ನಮ್ಮಪ್ಪ ಆಗ ಪಾಪು, ಅವರಿಗೆ ಉಸಿರು ಕಟ್ಟುತ್ತಿತ್ತು, ತುಟಿ ನೀಲಿ ಆಗುತ್ತಿತ್ತು. ಆಮೇಲೆ ಅಜ್ಜಿ ಊಟದ ಡಬ್ಬಿ ಕಟ್ಟಿ ಅಜ್ಜನ ಕೈಗೆ ಕೊಟ್ಟರು. ಒಳಗೆ ಕೆಲಸಕ್ಕೆ ಹೋಗು, ಹೋಗದಿದ್ದರೆ ಈ ಬಾಗಿಲಿಗೆ ವಾಪಸ್ ಬರಬೇಡ ಅಂದರು. ಆಮೇಲೆ ಅಜ್ಜ ಹೋದರು. ಗೇಟಿನಲ್ಲಿ ನಿಂತವರು ಅವರ ಮೇಲೆ ಉಗುಳಿದರು. ಹನ್ನೊಂದು ದಿನ ಹೋದರು. ಆಮೇಲೆ ಊರಿನವರು ಮಾತು ಬಿಟ್ಟರು. ಅಜ್ಜಿ ಕಳಿಸಿದ್ದು ಅಂತ ಅಜ್ಜ ಯಾರಿಗೂ ಹೇಳಲಿಲ್ಲ."

ಡ್ವೇನ್ ಫೋರ್ಕನ್ನು ತಟ್ಟೆಯ ಮೇಲಿಟ್ಟ.

"ಅಮ್ಮ. ನೀನು ಕಳಿಸಿದ್ದಾ?"

ಬರ್ನಡೀನ್ ಮೊಮ್ಮಗಳ ಕಡೆ ತಿರುಗಿದರು. "ಹಿಟ್ಟು ಲಟ್ಟಿಸ್ತಾ ಏನೋ ಬಾಯಿಗೆ ಬಂದಿದ್ದು ಹೇಳಿದ್ರೆ, ಅದನ್ನೆಲ್ಲ ಬರ್ಕೋ ಅಂತ ಯಾರೇ ಹೇಳಿದ್ದು ನಿಂಗೆ?"

"ಅಮ್ಮ ಹೇಳಿದ್ದು."

ಮೂರು ಜೊತೆ ಕಣ್ಣು ಕೊರಿನ್‌ಳ ಮೇಲೆ ಬಿದ್ದವು.

"ನಾನು ಕೇಳಿದ್ದಕ್ಕೆ ಉತ್ತರ ಕೊಡು," ಎಂದು ಡ್ವೇನ್ ಮೇಜು ಗುದ್ದಿದ. "ಬಸ್ಸಲ್ಲಿ ನನ್ನನ್ನ ದ್ರೋಹಿಯ ಮಗ ಅಂತಿದ್ರು. ಪಕ್ಕದಲ್ಲಿ ಯಾರೂ ಕೂರ್ತಿರಲಿಲ್ಲ. ಅಪ್ಪನಿಗೆ ಬೆನ್ನೆಲುಬು ಇಲ್ಲ ಅಂದ್ಕೊಂಡೇ ಬೆಳೆದೆ ನಾನು. ಕೊನೆ ಆರು ವರ್ಷ ಅವನ ಜೊತೆ ನೆಟ್ಟಗೆ ಮಾತಾಡ್ಲಿಲ್ಲ. ಅವನ ಮುಖಕ್ಕೇ ಹೇಡಿ ಅಂದಿದ್ದೀನಿ. ನೀನು ಇದೇ ಮನೇಲಿ ಕೂತು ಆಲೂಗಡ್ಡೆ ಸುಲೀತಿದ್ದೆ!"

"ನೀನು ಉಸಿರಾಡ್ತಿದ್ದೀಯಲ್ಲ," ಎಂದರು ಬರ್ನಡೀನ್. "ಅದು ಸಾಕಾಗಿತ್ತು ನಂಗೆ. ಹೆಂಡ್ತಿ ಕಳಿಸಿದ್ಳು ಅಂತ ಊರಿಗೆ ಗೊತ್ತಾಗೋದು ನಿಮ್ಮಪ್ಪನಿಗೆ ಬೇಡವಾಗಿತ್ತು."

"ಅವನಿಗೆ ಬೇಡವಾಗಿತ್ತೋ, ನಿಂಗೋ?"

ಬರ್ನಡೀನ್ ಎದ್ದು ಬಂದು ಮಾರ್ನಿಯ ಕೈಯಿಂದ ಹಾಳೆ ಕಿತ್ತುಕೊಂಡು, ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ ತುರುಕಿದರು.

"ಇದು ಆ ರೋಸ್‌ಮೇರಿ ಪಾವ್ಲಿಕ್ ಕೈಗೆ ಹೋಗಕೂಡದು. ಅವಳಪ್ಪ ಗೇಟಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು. ಹದಿನಾಲ್ಕು ತಿಂಗಳು ನಿಂತ, ಮನೆ ಕಳ್ಕೊಂಡ. ಅವಳೂ ನಾನೂ ಒಂದೇ ಕ್ಲಾಸಲ್ಲಿ ಓದಿದವರು. ಆವತ್ತಿಂದ ಇವತ್ತಿನವರೆಗೂ ಫೈರ್ ಸ್ಟೇಷನ್ ಊಟದಲ್ಲಿ ನನ್ನನ್ನ ಬಡಿಸೋಕೆ ಬಿಟ್ಟಿಲ್ಲ ಆ ಹೆಂಗಸ್ರು. ಮಾಡಿಕೊಟ್ಟ ಪಿರೋಗಿ ತಗೋತಾರೆ, ನನ್ನ ಮಾತ್ರ ಹಿಂದೆ ಪಾತ್ರೆ ತೊಳೆಯೋಕೆ ನಿಲ್ಲಿಸ್ತಾರೆ. ನಲವತ್ತು ವರ್ಷ! ಈಗ ಈ ಹಾಳೆ ಬೇರೆ ಓದಿಸಬೇಕಾ?"

ಆ ಮೀನು ಯಾರೂ ತಿನ್ನಲಿಲ್ಲ. ಬೆಕ್ಕು ತಿಂದಿತು.

ಅಂದಿನಿಂದ ಡ್ವೇನ್ ಅಮ್ಮನ ಕೈ ಅಡುಗೆ ಮುಟ್ಟುವುದನ್ನು ಬಿಟ್ಟ. ಮೇಜಿನ ಮೇಲೆ ಎಲೆಕೋಸಿನ ಸುರುಳಿ ಹಬೆಯಾಡುತ್ತಿದ್ದರೂ ನಿಂತುಕೊಂಡೇ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ತಿನ್ನುತ್ತಿದ್ದ. ಬರ್ನಡೀನ್ ಕೂಡ ಅಷ್ಟೇ ಹಟಮಾರಿ. ಅವನ ತಟ್ಟೆ ಇಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಎತ್ತಿಡುವಾಗ ಪಾತ್ರೆ ಕುಕ್ಕುವುದನ್ನೂ ತಪ್ಪಿಸಲಿಲ್ಲ. ಒಂದೇ ಕೋಣೆಯಲ್ಲಿ ನಿಂತು ಇಬ್ಬರೂ ಕೊರಿನ್‌ಗೆ ಹೇಳುತ್ತಿದ್ದರು.

"ಕಸದ ಡಬ್ಬ ಹೊರಗಿಡು ಅಂತ ನಿನ್ನ ಗಂಡನಿಗೆ ಹೇಳು."

"ಇಟ್ಟಾಯ್ತು ಅಂತ ಅವಳಿಗೆ ಹೇಳು."

ಈಸ್ಟರ್ ಹಬ್ಬವೂ ಹಾಗೇ ಕಳೆಯಿತು. ಕೊರಿನ್‌ಗೆ ಎರಡೂ ಕಡೆಯಿಂದ ಏಟು. ಮೇ ಬಂದರೂ ಮಾರ್ನಿಯ ಉಳಿದ ಪುಟಗಳು ಮೊದಲಿನಂತೆಯೇ ಬಿಳಿಚಿಕೊಂಡಿದ್ದವು, ನಾಲ್ಕು ಸಾಲು, ಐದು ಸಾಲು, ಮೈಗಳ್ಳತನದ ಅಕ್ಷರ. ವರ್ಷವಿಡೀ ಬರೆದದ್ದರಲ್ಲಿ ಜೀವವಿದ್ದದ್ದು ಆ ಒಂದೇ ಪುಟಕ್ಕೆ, ಅದು ಅತ್ತೆಯ ಜೇಬು ಸೇರಿತ್ತು. ಅದಿಲ್ಲದೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಏಳೆಂಟು ವರ್ಷದ ದುಡಿಮೆ ನೀರುಪಾಲು, ಮಗಳು ಬಸ್ಸಿನ ಪಾಲು. ಕೊರಿನ್ ಯೋಚಿಸಿ ಯೋಚಿಸಿ, ಕೊನೆಗೆ ತನಗೆ ಬರುತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದಳು. ನೆನಪಿದ್ದಷ್ಟನ್ನು ಕೂತು ಟೈಪ್ ಮಾಡಿದಳು. ಟೈಪ್ ಮಾಡುತ್ತ ತಿದ್ದಿದಳು.

ಎರಡು ದಿನದಲ್ಲಿ ಅದು ಮಾರ್ನಿಯ ಕಣ್ಣಿಗೆ ಬಿತ್ತು. ಫೈಲನ್ನು ಎದೆಗವಚಿಕೊಂಡು ಬಟ್ಟೆ ಒಗೆಯುವ ಕೋಣೆಗೆ ಬಂದಳು.

"ಇದೇನಿದು? 'ಕೆಲವು ಕಾರ್ಮಿಕರು ಕೌಟುಂಬಿಕ ಕಾರಣಗಳಿಂದಾಗಿ ಕೆಲಸಕ್ಕೆ ಮರಳಿದರು.' ಅಜ್ಜ ಎಲ್ಲಿ?"

"ಅದರಲ್ಲೇ ಇದ್ದಾರಲ್ಲ ಚಿನ್ನ. ಕೆಲವು ಕಾರ್ಮಿಕರು ಅಂತ."

"ಅಜ್ಜ ಕೆಲವು ಕಾರ್ಮಿಕರಾ?"

"ಮಾರ್ನಿ, ನಿಮ್ಮಜ್ಜಿ ಮಾನ ನೋಡು, ನಿಮ್ಮಪ್ಪನ ಮುಖ ನೋಡು. ಮನೇಲಿ ಇನ್ನೆಷ್ಟು ಬೆಂಕಿ ಹತ್ತಬೇಕು?"

"ಪೆನ್ಸಿಲ್ ಮುಟ್ಟಲ್ಲ ಅಂದಿದ್ದೆ ನೀನು."

"ಮುಟ್ಟಿಲ್ಲ. ಟೈಪ್ ಮಾಡ್ದೆ."

ಹೇಳಿದ ಮೇಲೆ ಕೊರಿನ್‌ಗೇ ಆ ಮಾತು ಅಸಹ್ಯವೆನಿಸಿತು. ಮಾರ್ನಿ ಅಳಲಿಲ್ಲ, ಕೂಗಲಿಲ್ಲ. ಫೈಲನ್ನು ವಾಷಿಂಗ್ ಮಷೀನಿನ ಮೇಲಿಟ್ಟು, "ಸುಳ್ಳಿ," ಎಂದು ಹೇಳಿ ಹೋದಳು. ಕೊರಿನ್‌ಗೆ ಮೈಯೆಲ್ಲ ಉರಿದುಹೋಯಿತು. ಮಗಳನ್ನು ಕರೆದು ಎರಡು ಬಿಡಬೇಕು ಅನ್ನಿಸಿತು. ಆದರೆ ಹಾಳೆಯನ್ನು ಫೈಲಿನಿಂದ ತೆಗೆಯಲಿಲ್ಲ. ಅವಳಿಗೂ ಹಟ ಬಂದಿತ್ತು.

ಜೂನಿನ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಾವ್ಲಿಕ್ ಬಂದರು. ಬರ್ನಡೀನ್ ಅಕ್ರೋಟು ತುಂಬಿದ ಸಿಹಿ ಬ್ರೆಡ್ ರೋಲ್ ಬೇಯಿಸಿ, ತೆಳ್ಳಗೆ ಕತ್ತರಿಸಿ ಮೇಜಿನ ಮೇಲಿಟ್ಟು, ಕಾಫಿ ಸುರಿದು, ಬೆನ್ನು ತಿರುಗಿಸಿ ಪಾತ್ರೆ ತೊಳೆಯಲು ನಿಂತರು. ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದರು. ಡ್ವೇನ್ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದ.

ಪಾವ್ಲಿಕ್ ಮಾರ್ನಿಯ ನಾಲ್ಕು ಸಾಲಿನ ಪುಟಗಳನ್ನು ತಿರುವಿದರು. ಟೈಪ್ ಮಾಡಿದ ಹಾಳೆ ಬಂದಾಗ ಬೆರಳು ನಿಂತಿತು. ಎರಡು ಸಲ ಓದಿದರು. ಮುಖ ಬಿಗಿಯಾಯಿತು.

"ಇದನ್ನ ಬರೆದದ್ದು ಯಾರು?"

"ಅಮ್ಮ," ಎಂದಳು ಮಾರ್ನಿ.

ಕೊರಿನ್ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದಳು.

"ಹೋದ ವರ್ಷಾನೇ ಹೇಳಿದ್ದೆ ನಿಮಗೆ," ಎಂದರು ಪಾವ್ಲಿಕ್, ಕೊರಿನ್‌ಳನ್ನು ದುರುಗುಟ್ಟಿ ನೋಡುತ್ತ. "ನನ್ನನ್ನೇನು ಕುರುಡಿ ಅಂದ್ಕೊಂಡಿದ್ದೀರಾ?" ಆಮೇಲೆ ಮಾರ್ನಿಗೆ, "ನೀನು ಬರೆದದ್ದು ಎಲ್ಲಿ?"

"ಕಿತ್ಕೊಂಡ್ರು."

"ಬಾಯಲ್ಲಿ ಬರುತ್ತಾ?"

ಬರದೇ ಏನು? ಏಳು ವರ್ಷ ಅವಳು ಕಲಿತಿದ್ದದ್ದೇ ಅದು. ಮಾರ್ನಿ ಚಿಕ್ಕವಳಿದ್ದಾಗಿನಂತೆ ಕುರ್ಚಿಯ ಮೇಲೆ ಮಂಡಿಯೂರಿ ಕೂತು ಶುರು ಮಾಡಿದಳು. ಕುಲುಮೆ, ಮುಷ್ಕರ, ವಿಮೆ, ನೀಲಿ ತುಟಿ. ಒಂದು ಅಕ್ಷರ ಬಿಡಲಿಲ್ಲ, ಒಂದೇ ಒಂದು 'ಆಮೇಲೆ' ಬಿಡಲಿಲ್ಲ. ಸಿಂಕಿನಲ್ಲಿ ನೀರಿನ ಸದ್ದು ನಿಂತಿತು.

"ಆಮೇಲೆ ಅಜ್ಜಿ ಊಟದ ಡಬ್ಬಿ ಕಟ್ಟಿ ಅಜ್ಜನ ಕೈಗೆ ಕೊಟ್ಟರು. ಒಳಗೆ ಕೆಲಸಕ್ಕೆ ಹೋಗು, ಹೋಗದಿದ್ದರೆ ಈ ಬಾಗಿಲಿಗೆ ವಾಪಸ್ ಬರಬೇಡ ಅಂದರು. ಆಮೇಲೆ ಅಜ್ಜ ಹೋದರು. ಗೇಟಿನಲ್ಲಿ ನಿಂತವರು ಅವರ ಮೇಲೆ ಉಗುಳಿದರು. ಹನ್ನೊಂದು ದಿನ..."

"ಹನ್ನೊಂದಲ್ಲ!"

ಬರ್ನಡೀನ್ ತಿರುಗಿದ್ದರು. ಕೈಯಿಂದ ಸೋಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಹತ್ತೊಂಬತ್ತು ದಿನ. ನಿಂಗೆ ಹೇಳುವಾಗ ಕಮ್ಮಿ ಮಾಡಿ ಹೇಳ್ದೆ. ಹತ್ತೊಂಬತ್ತು ದಿನ ಬೆಳಿಗ್ಗೆ ನಾನೇ ಡಬ್ಬಿ ಕಟ್ಟಿದ್ದು. ಹೋಗಲ್ಲ ಅಂತ ದಿನಾ ಅತ್ತ ಅವನು. ದಿನಾ ಕಳಿಸ್ದೆ. ಹೇಳೋದಿದ್ರೆ ಸರಿಯಾಗಿ ಹೇಳು."

ಜೇಬಿಗೆ ಕೈ ಹಾಕಿ, ಮಡಿಕೆಯಲ್ಲಿ ಸವೆದುಹೋಗಿದ್ದ ಹಾಳೆಯನ್ನು ಪಾವ್ಲಿಕ್ ಮುಂದೆ ಎಸೆದರು. "ತಗೋ ರೋಸ್‌ಮೇರಿ. ನಿಂಗೆ ಕೈಬರಹ ತಾನೇ ಬೇಕಾಗಿದ್ದು."

ಪಾವ್ಲಿಕ್ ಹಾಳೆಯನ್ನು ನೋಡಿದರು, ಮುಟ್ಟಲಿಲ್ಲ.

"ನಮ್ಮಪ್ಪ ಸಾಯೋವರೆಗೂ ಎಮಿಲ್‌ನ ಬೈದ, ಬರ್ನಡೀನ್. ಆಸ್ಪತ್ರೆ ಮಂಚದ ಮೇಲೂ ಬೈದ."

"ಬೈಯೋದಾಗಿದ್ರೆ ನನ್ನ ಬೈಯಬೇಕಿತ್ತು."

"ಅದನ್ನ ಆಗಲೇ ಹೇಳಬೇಕಿತ್ತು ನೀನು."

"ಹೌದು," ಎಂದರು ಬರ್ನಡೀನ್. "ಹೇಳಬೇಕಿತ್ತು."

ಮಾರ್ನಿ ಹಾಳೆಯನ್ನು ತನ್ನೆಡೆಗೆ ಎಳೆದುಕೊಂಡು ಪೆನ್ಸಿಲಿಗಾಗಿ ಕೈ ಚಾಚಿದಳು. ನೀಲಿ ಪೆನ್ಸಿಲ್ ಕೊರಿನ್‌ಳ ಮುಂದಿತ್ತು. ಅವಳು ಅದನ್ನು ಒಂದು ಗಳಿಗೆ ಹಿಡಿದುಕೊಂಡೇ ಇದ್ದಳು, ಆಮೇಲೆ ಮಗಳ ಕಡೆ ಸರಿಸಿದಳು. ಮಾರ್ನಿ 'ಹನ್ನೊಂದು' ಹೊಡೆದುಹಾಕಿ 'ಹತ್ತೊಂಬತ್ತು' ಎಂದು ಬರೆದಳು. 'ಆಮೇಲೆ'ಗಳು ಇದ್ದಲ್ಲೇ ಇದ್ದವು. ಕೊರಿನ್ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಳು.

ಪಾವ್ಲಿಕ್ ಆ ಪುಟವನ್ನು ಓದಿದರು. ಚೀಲದಿಂದ ಫಾರಂ ತೆಗೆದು, ಒತ್ತಿ ಸಹಿ ಹಾಕಿದರು. ಕಾಗದ ಹರಿಯುತ್ತದೇನೋ ಎಂಬಷ್ಟು ಒತ್ತಿದರು.

"ಈ ಹುಡುಗಿ ಬರೀತಾಳೆ," ಎಂದರು ಎದ್ದು ನಿಂತು, ಕೊರಿನ್‌ಗೆ. "ನೀವು ಅಡ್ಡ ಬರಬೇಡಿ."

"ಕಾಫಿ ತಣ್ಣಗಾಯ್ತು, ಬೇರೆ ಕೊಡ್ತೀನಿ," ಎಂದರು ಬರ್ನಡೀನ್.

"ಬೇಡ."

ಬಾಗಿಲಲ್ಲಿ ನಿಂತಿದ್ದ ಡ್ವೇನ್ ದಾರಿ ಬಿಟ್ಟ. ಕಾರು ಹೊರಟ ಸದ್ದು ಕೇಳಿಸಿತು. ಡ್ವೇನ್ ಬಂದು ಪಾವ್ಲಿಕ್ ಕೂತಿದ್ದ ಕುರ್ಚಿಯಲ್ಲಿ ಧೊಪ್ಪನೆ ಕೂತ, ಅವರಿಗೆಂದು ಇಟ್ಟಿದ್ದ ತಟ್ಟೆಯನ್ನು ಎಳೆದುಕೊಂಡು ರೋಲಿನ ಒಂದು ಚೂರನ್ನು ಬಾಯಿಗೆ ಹಾಕಿದ. ಅಮ್ಮನ ಮುಖ ನೋಡಲಿಲ್ಲ.

"ದಿನಾ ಅಳ್ತಿದ್ನಾ?"

"ದಿನಾ."

ಅವನು ಎರಡನೇ ಚೂರನ್ನು ಎತ್ತಿಕೊಂಡ. ಅಗಿಯುವಾಗ ದವಡೆ ಇನ್ನೂ ಸಿಟ್ಟಿನಲ್ಲೇ ಆಡುತ್ತಿತ್ತು.

ಮಾರ್ನಿ ಪೆನ್ಸಿಲ್ ಕೆಳಗಿಟ್ಟಿರಲಿಲ್ಲ. ಪುಟದ ಅಡಿಯಲ್ಲಿ ಇನ್ನೂ ಎರಡು ಸಾಲಿನ ಜಾಗವಿತ್ತು.

"ಅಜ್ಜಿ, ಟೀಚರ್ ಕಾಫಿ ಕುಡೀಲಿಲ್ಲ ಅಂತಾನೂ ಬರೀಲಾ?"

ಬರ್ನಡೀನ್ ತಣ್ಣಗಾದ ಕಾಫಿಯನ್ನು ಸಿಂಕಿಗೆ ಚೆಲ್ಲಿದರು.

"ಬರಿ," ಎಂದರು. "ರೋಲೂ ಮುಟ್ಟಲಿಲ್ಲ ಅಂತ ಬರಿ."